ಬ್ಯಾಕಪ್ ಡಿಸ್ಕ್ 'ಕಾಷನ್' ತೋರಿಸ್ಲಿಕತ್ತದ, ಸ್ಕ್ಯಾನ್ ಕೊಡ್ಲೇನ್ರಿ?

ಪ್ರಶ್ನೆ (ಫೋಟೋ ಸ್ಟುಡಿಯೋ, ಕಲಬುರಗಿ):
ಸರ್, 2 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್. ಫೋಲ್ಡರ್ ತೆರೀಲಿಕ್ಕೆ ಎರಡು-ಮೂರು ನಿಮಿಷ ಹಿಡೀತದ, ಕಾಪಿ ನಡುವ ನಿಂತುಬಿಡ್ತದ. ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್ ಡಿಸ್ಕ್ ಇನ್ಫೋ ತಂತ್ರಾಂಶದಾಗ ಹಳದಿ 'ಕಾಷನ್' (ಎಚ್ಚರಿಕೆ) ಬಂದದ. ಸಿ5 ಸಾಲಿನ ಕೊನೆಗೆ 68, ಸಿ7 ಸೊನ್ನೆ. ಹಚ್ಚಿದ ಕೂಡ್ಲೇ ವಿಂಡೋಸ್ 'ಸ್ಕ್ಯಾನ್ ಅಂಡ್ ಫಿಕ್ಸ್' ಕೇಳ್ತದ. ಕೊಡ್ಲೇನು? ಸಪ್ಪಳ ಏನೂ ಇಲ್ಲ.

ಉತ್ತರ (ಡೇಟಾ ರಿಕವರಿ):
ಬ್ಯಾಡ್ರಿ. ಸ್ಕ್ಯಾನ್ ಸರಿಮಾಡೋದು ಫೈಲ್ ಪಟ್ಟಿ, ಡಿಸ್ಕ್ ಅಲ್ಲ. ಕೆಟ್ಟ ಡಿಸ್ಕಿನ ಮ್ಯಾಲ ಅದು ಬರೀಲಿಕ್ಕೆ ಹೋಗಿ ಫೈಲ್ ಹೆಸರನ್ನೇ ಕಳೀತದ.

ಸಿ5ರ ಆ 68 ಹೆಕ್ಸ್ (16ರ ಆಧಾರದ) ಲೆಕ್ಕ, ನಮ್ಮ ಲೆಕ್ಕದಾಗ 104. ಅಷ್ಟು ಸೆಕ್ಟರ್ (ಡೇಟಾ ಇಡೋ ಸಣ್ಣ ತುಂಡು) ಓದ್ಲಿಕ್ಕೆ ಬರದೆ ಬಾಕಿ ನಿಂತಾವ. ಫಾರ್ಮ್ಯಾಟ್ ಮಾಡಿದ್ರ ಸಿ5 ಸೊನ್ನೆ ಆಗಬಹುದು, ಡಿಸ್ಕ್ ಚಲೋ ಆಯ್ತು ಅನ್ಸಬಹುದು. ಆದ್ರ ಅಲ್ಲಿದ್ದ ಡೇಟಾ ಹೋಯ್ತು, ಡಿಸ್ಕಂತೂ ನಂಬೋಹಂಗಿಲ್ಲ. ಸಿ7 ಸೊನ್ನೆ ಅಂತ ಯುಎಸ್‌ಬಿ ಕೇಬಲ್ ಸರಿ ಅಂದ್ಕೋಬ್ಯಾಡ್ರಿ, ಅದು ಡಬ್ಬಿ ಒಳಗಿನ ಸಾಟಾ ಜೋಡಣೆಯ ತಪ್ಪಿನ ಲೆಕ್ಕ. ಕೇಬಲ್ ಬದಲಿಸಿ, ಹಬ್ ಬಿಟ್ಟು ಕಂಪ್ಯೂಟರಿನ ಹಿಂದಿನ ಪೋರ್ಟಿಗೇ ಹಚ್ರಿ.

ಮೊದಲು ಒಂದು ಹೇಳ್ರಿ: ಇದೇ ಫೋಟೋ ಕಂಪ್ಯೂಟರಿನಾಗ ಅವ ಏನು? ಇದ್ರ ಈ ಡಿಸ್ಕಿಗೆ ಕಷ್ಟ ಕೊಡೋದೇ ಬ್ಯಾಡ, ಹೊಸದು ತಂದು ಮತ್ತ ಬ್ಯಾಕಪ್ ತಗೋರಿ.

ಪ್ರಶ್ನೆ: ಇಲ್ರಿ ಸರ್, ಹಳೇ ಲಗ್ನದ ಫೋಟೋ ಇದರೊಳಗ ಮಾತ್ರ ಅವ.

ಉತ್ತರ:
ಹಂಗಾದ್ರ ಅದು ಬ್ಯಾಕಪ್ ಅಲ್ಲ, ಇರೋ ಒಂದೇ ಪ್ರತಿ. ಈಗಲೇ ತೆಗೆದಿಡ್ರಿ.

4 ಟಿಬಿ ಡಿಸ್ಕ್ ತರ್ರಿ. ಇಡೀ ಡಿಸ್ಕನ್ನ ಒಂದೇ ಫೈಲಾಗಿ ನಕಲು ಮಾಡ್ಬೇಕು, ಅದಕ್ಕ ಇಮೇಜ್ ಅಂತಾರ; 2 ಟಿಬಿ ಇಮೇಜ್ ಇನ್ನೊಂದು 2 ಟಿಬಿಯೊಳಗ ಹಿಡಿಯಂಗಿಲ್ಲ. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ, ಕೆಟ್ಟ ಡಿಸ್ಕಿನ ನಕಲು ತೆಗೆಯೋ ಡಿಡಿರೆಸ್ಕ್ಯೂ ಬಳಸ್ರಿ. ವಿಂಡೋಸ್ ಕಾಪಿ ಕೆಟ್ಟ ಜಾಗದಾಗ ಸಿಕ್ಕಿ ನಿಲ್ತದ. ಡಿಡಿರೆಸ್ಕ್ಯೂ ಅದನ್ನ ದಾಟಿ ಚಲೋ ಇರೋ ಭಾಗ ಮೊದಲು ಎತ್ತಿಕೊಳ್ತದ. ಅದರ ಕಮಾಂಡಿನಾಗ ಮೊದಲ ಸುತ್ತಿಗೆ 'ಮೈನಸ್ ಎನ್' (ಕೆಟ್ಟ ಜಾಗ ಕೆದಕಬ್ಯಾಡ), ಉಳಿದದ್ದಕ್ಕ 'ಮೈನಸ್ ಆರ್ 3' (ಮತ್ತ ಮೂರು ಸಲ ಪ್ರಯತ್ನಿಸು). ಯಾವುದು ಮೂಲ, ಯಾವುದು ಹೊಸದು ಅನ್ನೋದನ್ನ ಡಿಸ್ಕಿನ ಅಳತೆ, ಮಾಡೆಲ್ ನೋಡಿ ಎರಡು ಸಲ ಖಾತ್ರಿ ಮಾಡ್ಕೋರಿ. ಅದಲು-ಬದಲಾದ್ರ ಫೋಟೋ ಅಳಿಸಿಹೋಗ್ತಾವ.

ಎಲ್ಲಿತನಕ ಓದಾಯ್ತು ಅಂತ ಡಿಡಿರೆಸ್ಕ್ಯೂ ಬರೆದಿಡೋ ಮ್ಯಾಪ್ ಫೈಲ್ ಹೊಸ ಡಿಸ್ಕಿನಾಗೇ ಇಡ್ರಿ. ಕರೆಂಟ್ ಹೋದ್ರ ನಿಂತಲ್ಲಿಂದ ಮುಂದುವರೀಲಿಕ್ಕೆ ಅದೇ ಆಧಾರ. ಚಲೋ ಡಿಸ್ಕ್ ಯುಎಸ್‌ಬಿ 3ರೊಳಗ ಸುಮಾರು 6 ತಾಸಿನ ಕೆಲಸ. ನಿಮ್ಮದು ಎರಡು-ಮೂರು ದಿನ ಹಿಡಿದ್ರೂ ಗಾಬರಿ ಬ್ಯಾಡ. ನಮ್ಮ ಮೇ ತಿಂಗಳ ಬಿಸಿಲಿಗೆ ಟೇಬಲ್ ಫ್ಯಾನ್ ಇಡ್ರಿ, 50 ಡಿಗ್ರಿ ದಾಟಿದ್ರ ನಿಲ್ಲಿಸಿ ಆರಿಸ್ರಿ. ಫ್ರಿಜ್‌ನಾಗ ಮಾತ್ರ ಇಡಬ್ಯಾಡ್ರಿ, ಒಳಗ ತೇವ ಕೂಡ್ತದ.

ಟಕ್ ಟಕ್ ಸಪ್ಪಳ ಶುರುವಾದ್ರ ಆ ಕ್ಷಣಕ್ಕೇ ಕೇಬಲ್ ಕೀಳ್ರಿ. ಅದು ಡಿಸ್ಕ್ ಓದೋ ಹೆಡ್ಡಿನ ತೊಂದರೆ, ಧೂಳಿಲ್ಲದ ಕ್ಲೀನ್ ರೂಮ್ ಇರೋ ಲ್ಯಾಬೇ ಬೇಕು.

ಪ್ರಶ್ನೆ: ಇಮೇಜ್ ಆದ ಮ್ಯಾಲ ಫೋಟೋ ಹೆಂಗ ತೆಗೀಬೇಕ್ರಿ?

ಉತ್ತರ:
ಇಮೇಜನ್ನ ಓದ್ಲಿಕ್ಕಷ್ಟೇ ಮೌಂಟ್ ಮಾಡಿ (ಡಿಸ್ಕಿನಂಗ ತೆರೆದು) ಕಾಪಿ ತಗೋರಿ. ತೆರೀದಿದ್ರ ಫೈಲ್ ಪಟ್ಟಿ ಹುಡುಕೋ ಟೆಸ್ಟ್‌ಡಿಸ್ಕ್; ಅದೂ ಆಗದಿದ್ರ ಫೋಟೋಗಳನ್ನೇ ನೇರ ಹುಡುಕಿ ತೆಗೆಯೋ ಫೋಟೋರೆಕ್, ಅದರೊಳಗ ಫೋಲ್ಡರ್, ಹೆಸರು ಉಳಿಯಂಗಿಲ್ಲ. ಅರ್ಧ ಬೂದು ಬಣ್ಣ ಕಂಡ ಜೆಪೆಗ್‌ನಾಗ ಓದದ ಸೆಕ್ಟರ್ ಅದ ಅಂತ ತಿಳೀರಿ. ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಕೆಟ್ಟಿದ್ರ ಅದರೊಳಗಿನ ಪ್ರಿವ್ಯೂ ಜೆಪೆಗ್ ಅನ್ನ ಎಕ್ಸಿಫ್‌ಟೂಲ್ ತಂತ್ರಾಂಶದಿಂದ ತೆಗೆದು ನೋಡ್ರಿ, ಭಾಳ ಕ್ಯಾಮೆರಾದಾಗ ಅದು ಆಲ್ಬಮ್ಮಿಗೆ ಸಾಲುವಷ್ಟು ದೊಡ್ಡದಿರ್ತದ.