ನೀಡಲ್ ಪ್ರಿಕ್ ಆದದ್ದನ್ನು ಬರೆಯುವುದು ಬೇಡ ಎನ್ನುತ್ತಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಸ್ಟಾಫ್ ನರ್ಸ್, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ತಾಲ್ಲೂಕು ಕೇಂದ್ರವೊಂದರ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಇಂದು ಬೆಳಗಿನ ಜಾವ ನೈಟ್ ಡ್ಯೂಟಿಯಲ್ಲಿದ್ದಾಗ, ಜ್ವರದಿಂದ ದಾಖಲಾಗಿದ್ದ ರೋಗಿಯೊಬ್ಬರ ರಕ್ತ ತೆಗೆದು ಸೂಜಿಯನ್ನು ಹೊರಗೆಳೆಯುತ್ತಿದ್ದಂತೆಯೇ ಅವರು ಕೈ ಕೊಸರಿದರು. ಸೂಜಿ ಗ್ಲೌಸ್ ದಾಟಿ ನನ್ನ ಎಡಗೈಯ ತೋರುಬೆರಳಿಗೆ ಚುಚ್ಚಿ ರಕ್ತ ಬಂತು. ಆ ರೋಗಿಗೆ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಗಳು ಇನ್ನೂ ಆಗಿಲ್ಲ. ಇನ್‌ಚಾರ್ಜ್ ಸಿಸ್ಟರ್ ಅವರಿಗೆ ಹೇಳಿದಾಗ, ಇಂಥದ್ದು ಎಲ್ಲರಿಗೂ ಆಗುತ್ತದೆ, ಸ್ಪಿರಿಟ್ ಹಚ್ಚಿಕೊಂಡು ಸುಮ್ಮನಿರು, ರಿಜಿಸ್ಟರಿನಲ್ಲಿ ಬರೆದರೆ ಮ್ಯಾನೇಜ್‌ಮೆಂಟಿನವರು ನಿನ್ನನ್ನೇ ಕೇಳುತ್ತಾರೆ ಎಂದರು. ಹೆಪಟೈಟಿಸ್ ಬಿ ಲಸಿಕೆಯನ್ನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದುವಾಗ ಎರಡು ಡೋಸ್ ತೆಗೆದುಕೊಂಡಿದ್ದೆ, ಮೂರನೆಯದು ಆಗಲಿಲ್ಲ. ಈಗ ಮೊದಲಿನಿಂದ ಶುರು ಮಾಡಬೇಕೇ? ನಾಳೆ ನನಗೆ ರಜೆಯಿದೆ; ಪರೀಕ್ಷೆಗೆ ಅಲ್ಲಿಯವರೆಗೆ ಕಾಯಬಹುದೇ? ಕೆಲಸ ಕಳೆದುಕೊಳ್ಳುವ ಭಯವೂ ಇದೆ, ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಉತ್ತರ 1: ಸೋಂಕು ನಿಯಂತ್ರಣ ವಿಭಾಗದ ನರ್ಸ್, ಹುಬ್ಬಳ್ಳಿ

ಸಿಸ್ಟರ್, ದಯವಿಟ್ಟು ನಾಳೆಯವರೆಗೆ ಕಾಯಬೇಡಿ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಸಾಧ್ಯವಾದರೆ 2 ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಬೇಕು, ಮತ್ತು ತಡವಾದಷ್ಟೂ ಅವುಗಳ ಉಪಯೋಗ ಕಡಿಮೆಯಾಗುತ್ತದೆ. ಈಗಲೇ ಜಿಲ್ಲಾಸ್ಪತ್ರೆಗೆ ಹೋಗಿ. ಅಲ್ಲಿನ ಎಆರ್‌ಟಿ ಕೇಂದ್ರ (ಎಚ್‌ಐವಿ ಚಿಕಿತ್ಸೆ ಕೊಡುವ ವಿಭಾಗ) ಮುಚ್ಚಿದ್ದರೂ ತುರ್ತು ವಿಭಾಗದ ವೈದ್ಯರನ್ನು ಕಂಡು, ಕೆಲಸದ ವೇಳೆ ಸೂಜಿ ಚುಚ್ಚಿದೆ, ರೋಗಿಯ ಸ್ಥಿತಿ ತಿಳಿದಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ಮಾತ್ರೆ ಬೇಕೇ ಬೇಡವೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ಬೇಕೆಂದಾದರೆ ರೋಗಿಯ ರಿಪೋರ್ಟಿಗಾಗಿ ಕಾಯದೆ ಮೊದಲ ಡೋಸ್ ಕೊಡುವುದು ರೂಢಿ. ರಿಪೋರ್ಟ್ ನೆಗೆಟಿವ್ ಬಂದರೆ ನಿಲ್ಲಿಸುತ್ತಾರೆ, ಇಲ್ಲವಾದರೆ 28 ದಿನ ತಪ್ಪದೆ ನುಂಗಬೇಕು. ರೋಗಿಯ ಪರೀಕ್ಷೆಯನ್ನು ಅವರ ಒಪ್ಪಿಗೆ ಪಡೆದೇ ಮಾಡಿಸಬೇಕು. ಪರಿಸ್ಥಿತಿಯನ್ನು ವಿವರಿಸಿ ಕೇಳಿದರೆ ಬೇಡ ಎನ್ನುವವರು ಬಹಳ ಅಪರೂಪ.

ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ತೊಳೆದರೆ ಸಾಕು. ಹಿಂಡಿ ರಕ್ತ ತೆಗೆಯುವುದು, ಬೆರಳನ್ನು ಬಾಯಿಗಿಡುವುದು, ಸ್ಪಿರಿಟ್ ಅಥವಾ ಬ್ಲೀಚ್ ಸುರಿಯುವುದು ಯಾವುದೂ ಬೇಡ. ಹಿರಿಯರು ಕಲಿಸಿದ ಈ ಅಭ್ಯಾಸಗಳನ್ನು ನಾನು ಇಂದಿಗೂ ವಾರ್ಡುಗಳಲ್ಲಿ ಕಾಣುತ್ತಿರುವುದರಿಂದ ಒತ್ತಿ ಹೇಳುತ್ತಿದ್ದೇನೆ.

ಭಯ ಸಹಜ. ಆದರೆ ಎಚ್‌ಐವಿ ಇರುವ ರೋಗಿಯ ರಕ್ತದ ಸೂಜಿಯೇ ಚುಚ್ಚಿದರೂ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ. 0.3 ಮಾತ್ರ, ಅಂದರೆ ಸಾವಿರದಲ್ಲಿ ಮೂರು. ನಾವು ನಿಜವಾಗಿ ಹೆಚ್ಚು ಎಚ್ಚರ ವಹಿಸಬೇಕಾದದ್ದು ಹೆಪಟೈಟಿಸ್ ಬಿ ವಿಷಯದಲ್ಲಿ; ಲಸಿಕೆ ಪಡೆಯದವರಲ್ಲಿ ಹೀಗೆ ಸೋಂಕು ತಗಲುವ ಸಾಧ್ಯತೆ ಶೇ. 6ರಿಂದ 30ರವರೆಗೂ ಇರುತ್ತದೆ.

ಉತ್ತರ 2: ವೈದ್ಯರು, ಶಿವಮೊಗ್ಗ

ಲಸಿಕೆಯ ಬಗ್ಗೆ ಮಾತ್ರ ಸೇರಿಸುತ್ತೇನೆ. ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಎಷ್ಟೇ ಅಂತರ ಬಿದ್ದಿದ್ದರೂ ಉಳಿದ ಮೂರನೆಯ ಡೋಸನ್ನು ಇಂದೇ ಹಾಕಿಸಿಕೊಳ್ಳಿ. ಒಂದು ವೇಳೆ ಆ ರೋಗಿಯ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಸೋಂಕಿನ ಪರೀಕ್ಷೆ) ಪಾಸಿಟಿವ್ ಬಂದರೆ, ನಿಮ್ಮ ಲಸಿಕೆ ಪೂರ್ಣವಾಗಿಲ್ಲದ ಕಾರಣ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದೂ ಬೇಕಾಗುತ್ತದೆ. ಅದನ್ನು 24 ಗಂಟೆಯೊಳಗೆ ಪಡೆಯುವುದು ಉತ್ತಮ. 7 ದಿನ ದಾಟಿದರೆ ಪ್ರಯೋಜನವಾಗುತ್ತದೆ ಎಂದು ಹೇಳಲಾಗದು. ಮೂರನೆಯ ಡೋಸಿನ ಒಂದೆರಡು ತಿಂಗಳ ನಂತರ ಲಸಿಕೆ ಫಲಿಸಿದೆಯೇ ಎಂದು ತೋರಿಸುವ ಆಂಟಿ ಎಚ್‌ಬಿಎಸ್ ರಕ್ತಪರೀಕ್ಷೆ ಮಾಡಿಸಿ; ಫಲಿತಾಂಶ 10 (mIU/mL) ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಇದೆ ಎಂದರ್ಥ. ಆದರೆ ಇಮ್ಯುನೋಗ್ಲಾಬ್ಯುಲಿನ್ ಪಡೆದಿದ್ದರೆ ಈ ಪರೀಕ್ಷೆಯನ್ನು ಯಾವಾಗ ಮಾಡಿಸಬೇಕೆಂದು ವೈದ್ಯರನ್ನು ಕೇಳಿ, ಏಕೆಂದರೆ ಆ ಮದ್ದಿನ ಅಂಶವೇ ಕೆಲವು ತಿಂಗಳು ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ.

ಈ ಲಸಿಕೆ ದೇಶದಾದ್ಯಂತ ಶಿಶುಗಳ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ್ದು 2011ರ ಹೊತ್ತಿಗೆ. ಆದ್ದರಿಂದ ಇಂದು ವಾರ್ಡಿನಲ್ಲಿ ದುಡಿಯುತ್ತಿರುವ ಹೆಚ್ಚಿನ ನರ್ಸ್‌ಗಳಿಗೆ ಬಾಲ್ಯದಲ್ಲಿ ಇದು ಸಿಕ್ಕಿರಲಾರದು. ಇದನ್ನು ಓದುತ್ತಿರುವ ಎಲ್ಲರೂ ತಮ್ಮ ಕಾರ್ಡನ್ನು ಒಮ್ಮೆ ತೆಗೆದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ 3: ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಮೈಸೂರು

ತಂಗಿ, ಚಿಕಿತ್ಸೆಯ ವಿಷಯವನ್ನು ಮೇಲಿನವರು ಸರಿಯಾಗಿ ಹೇಳಿದ್ದಾರೆ. ಬರೆಯಬೇಡ ಎಂದ ಮಾತಿಗೆ ನಾನು ಉತ್ತರಿಸಬೇಕು, ಏಕೆಂದರೆ ನಮ್ಮ ವೃತ್ತಿಯಲ್ಲಿ ಬಹಳ ಹೆಣ್ಣುಮಕ್ಕಳು ಆ ಮಾತನ್ನು ನಂಬಿ ಸುಮ್ಮನಾಗಿದ್ದಾರೆ.

ರಿಜಿಸ್ಟರಿನ ಬರಹಕ್ಕಿಂತಲೂ ಮುಖ್ಯವಾದದ್ದು ಇಂದಿನ ನಿಮ್ಮ ರಕ್ತಪರೀಕ್ಷೆ. ಇಂದು ನಿಮ್ಮ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರೂ ರಿಪೋರ್ಟುಗಳು ನೆಗೆಟಿವ್ ಇದ್ದು, ಮುಂದೆ ಯಾವುದಾದರೂ ಪಾಸಿಟಿವ್ ಆದರೆ ಆ ಸೋಂಕು ಕೆಲಸದಿಂದಲೇ ಬಂದದ್ದು ಎಂದು ತೋರಿಸಲು ಈ ಕಾಗದವೇ ಆಧಾರ. ಪರಿಹಾರ ಕೇಳುವಾಗ, ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಅಲ್ಲಿಯೂ, ಮೊದಲು ಕೇಳುವುದು ದಿನಾಂಕವನ್ನೇ. ಆದ್ದರಿಂದ ಘಟನೆಯ ಸಮಯ, ಜಾಗ, ಯಾವ ಕೆಲಸ ಮಾಡುತ್ತಿದ್ದಿರಿ, ಯಾರಿಗೆ ತಿಳಿಸಿದಿರಿ ಎಂಬುದನ್ನು ಬಿಳಿ ಹಾಳೆಯಲ್ಲಿ ಬರೆದು ವೈದ್ಯಕೀಯ ಅಧೀಕ್ಷಕರಿಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ಅದನ್ನೇ ಇಮೇಲ್ ಮಾಡಿ.

ಕಾನೂನು ನಿಮ್ಮ ಪರವಾಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಆರೋಗ್ಯ ಸೇವೆ ನೀಡುವ ಸಂಸ್ಥೆಯು ಸಿಬ್ಬಂದಿಗೆ ಸುರಕ್ಷಾ ಸಾಧನ, ತರಬೇತಿ ಮತ್ತು ಇಂಥ ಸಂದರ್ಭದಲ್ಲಿ ತಡೆ ಚಿಕಿತ್ಸೆ ಒದಗಿಸಲೇಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ತ್ಯಾಜ್ಯ ನಿರ್ವಹಿಸುವ ಸಿಬ್ಬಂದಿಗೆಲ್ಲ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆಯನ್ನೂ, ಸೇರುವಾಗ ಹಾಗೂ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯನ್ನೂ ಕಡ್ಡಾಯಗೊಳಿಸಿವೆ. ನಿಮ್ಮ ಮೂರನೆಯ ಡೋಸ್ ಬಾಕಿ ಇರುವುದನ್ನು ಅವರು ಕೆಲಸಕ್ಕೆ ತೆಗೆದುಕೊಳ್ಳುವಾಗಲೇ ನೋಡಬೇಕಾಗಿತ್ತು. ರಾತ್ರಿಯಿಡೀ ಒಬ್ಬರೇ ವಾರ್ಡು ನೋಡಿಕೊಳ್ಳುವಾಗ, ಕೈ ಕೊಸರುವ ರೋಗಿಯನ್ನು ಹಿಡಿದುಕೊಳ್ಳಲು ಆಯಾ ಕೂಡ ಇಲ್ಲದಿರುವಾಗ ಆದ ಗಾಯಕ್ಕೆ ನರ್ಸನ್ನು ದೂರುವುದು ಅನ್ಯಾಯ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ಜಿಲ್ಲಾಸ್ಪತ್ರೆಗೆ ಹೋಗಿ ಬಂದೆ. ನನ್ನ ರಕ್ತ ತೆಗೆದುಕೊಂಡಿದ್ದಾರೆ, ಮೊದಲ ಮಾತ್ರೆ ಮತ್ತು ಲಸಿಕೆ ಎರಡೂ ಆದವು. ರೋಗಿಯ ಮಗಳು ವಿಷಯ ತಿಳಿದ ಕೂಡಲೇ ತಂದೆಯ ಜೊತೆ ತಾನೇ ಮಾತನಾಡಿದರು, ಅವರೂ ಪರೀಕ್ಷೆಗೆ ಒಪ್ಪಿದರು. ಮನೆಯವರಿಗೆ ಈಗಲೇ ಹೇಳಬೇಕೇ?

ಉತ್ತರ 1ರವರು

ಪತಿಗೆ ಹೇಳುವುದು ಒಳ್ಳೆಯದು, ಏಕೆಂದರೆ ಪರೀಕ್ಷೆಗಳು ಮುಗಿಯುವವರೆಗೆ ಕಾಂಡೋಮ್ ಬಳಸಬೇಕಾಗುತ್ತದೆ, ರಕ್ತದಾನವನ್ನೂ ಮಾಡಬಾರದು. ಒಟ್ಟಿಗೆ ಉಣ್ಣುವುದಕ್ಕೆ, ಮಕ್ಕಳನ್ನು ಎತ್ತಿಕೊಳ್ಳುವುದಕ್ಕೆ, ಡ್ಯೂಟಿ ಮಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಬೇಗ ಗೊತ್ತಾದರೆ ಗುಣಪಡಿಸುವ ಮಾತ್ರೆಗಳಿವೆ. ಅದಕ್ಕಾಗಿಯೇ 6 ವಾರ, 3 ತಿಂಗಳು, 6 ತಿಂಗಳ ಪರೀಕ್ಷೆಗಳನ್ನು ಬಿಡಬೇಡಿ. ಮಾತ್ರೆಯಿಂದ ವಾಕರಿಕೆ ಬಂದರೆ ನಿಲ್ಲಿಸದೆ ಎಆರ್‌ಟಿ ಕೇಂದ್ರಕ್ಕೆ ತಿಳಿಸಿ. ಮಾಹಿತಿಗೆ 1097 ಸಹಾಯವಾಣಿಗೂ ಉಚಿತವಾಗಿ ಕರೆ ಮಾಡಬಹುದು. ರೋಗಿಯ ರಿಪೋರ್ಟ್ ಬಂದ ಕೂಡಲೇ ಇಮ್ಯುನೋಗ್ಲಾಬ್ಯುಲಿನ್ ಬೇಕೇ ಎಂದು ಅದೇ ವೈದ್ಯರನ್ನು ಕೇಳಿ.