ಕರೆಂಟ್ ಬಂದರೂ ಸರ್ವರ್ ಏಳುತ್ತಿಲ್ಲ, ನೀವೆಲ್ಲ ಏನು ಮಾಡುತ್ತೀರಿ?

ಡೊಂಬಿವಲಿಯಿಂದ ಪ್ರಶ್ನೆ:
ನಾನು ಅಕೌಂಟ್ಸ್ ನೋಡುವವಳು. ಚಿಕ್ಕ ಆಫೀಸು, ಹಾಗಾಗಿ ಕಂಪ್ಯೂಟರ್ ಉಸಾಬರಿಯೂ ನನ್ನ ತಲೆಗೇ ಬಂದಿದೆ. ಆಫೀಸು ಮುಂಬೈಯ ಅಂಧೇರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ. ಒಂದು ಟವರ್ ಸರ್ವರ್, ವಿಂಡೋಸ್. ಟ್ಯಾಲಿ, ಫೈಲು ಎಲ್ಲ ಅದರಲ್ಲೇ. ಯುಪಿಎಸ್ ಇದೆ. ರಾತ್ರಿ ಕರೆಂಟ್ ಹೋದರೆ ಸರ್ವರ್ ತಾನೇ ಶಟ್‌ಡೌನ್ ಆಗುತ್ತದೆ, ಅದು ಸರಿ. ಕರೆಂಟ್ ಬಂದ ಮೇಲೆ ಮಾತ್ರ ಏಳುವುದಿಲ್ಲ. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ಬರುವ ಮದರ್‌ಬೋರ್ಡ್ ಸೆಟ್ಟಿಂಗ್) ಕರೆಂಟ್ ಬಂದ ಮೇಲೆ ಏನು ಮಾಡಬೇಕು ಅನ್ನುವ ಕಡೆ 'ಲಾಸ್ಟ್ ಸ್ಟೇಟ್' ಅಂತ ಇಟ್ಟಿದ್ದೇನೆ. ಒಂದು ಬಟನ್ ಒತ್ತಲಿಕ್ಕೆ ಭಾನುವಾರ ಮೆಗಾ ಬ್ಲಾಕ್‌ನಲ್ಲಿ (ಹಳಿ ರಿಪೇರಿಗೆ ಲೋಕಲ್ ರೈಲು ಕಡಿಮೆ ಮಾಡಿದಾಗ) ಅಂಧೇರಿಗೆ ಹೋಗಿ ಬರುವುದು ಸಾಕಾಗಿದೆ.

ಪುಣೆ, ಭೋಸರಿಯಿಂದ:
ಮೇಡಂ, 'ಲಾಸ್ಟ್ ಸ್ಟೇಟ್' ಇಟ್ಟಿದ್ದೇ ತೊಂದರೆ. ಕರೆಂಟ್ ಹೋಗುವಾಗ ಹೇಗಿತ್ತೋ ಹಾಗೇ ಇರು ಅಂತ ಅದರ ಅರ್ಥ. ಯುಪಿಎಸ್ ಹೇಳಿತು, ಸರ್ವರ್ ನೀಟಾಗಿ ಆಫ್ ಆಯಿತು, ಬ್ಯಾಟರಿ ಖಾಲಿಯಾಗಿದ್ದು ಆಮೇಲೆ. ಅಂದರೆ ಕೊನೆಯ ಸ್ಥಿತಿ ಆಫ್. ಹಾಗೇ ಮಲಗಿರುತ್ತದೆ. ಅದನ್ನು 'ಆಲ್ವೇಸ್ ಆನ್' ಮಾಡಿ.

ಅಷ್ಟಕ್ಕೇ ಮುಗಿಯುವುದಿಲ್ಲ. ಸರ್ವರ್ ಆಫ್ ಆದ ಮೇಲೆ ಬ್ಯಾಟರಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಅಷ್ಟರಲ್ಲಿ ಕರೆಂಟ್ ಬಂತು ಅಂತಿಟ್ಟುಕೊಳ್ಳಿ. ಸರ್ವರಿನ ವೈರಿಗೆ ಕರೆಂಟ್ ತಪ್ಪಿಯೇ ಇಲ್ಲ ಅಲ್ವಾ? ಹೋಗದ ಕರೆಂಟ್ ವಾಪಸ್ ಬಂದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಆಗ 'ಆಲ್ವೇಸ್ ಆನ್' ಇದ್ದರೂ ಏಳುವುದಿಲ್ಲ. ಇದಕ್ಕೆ ಯುಪಿಎಸ್ ಸಾಫ್ಟ್‌ವೇರ್‌ನಲ್ಲಿ ಒಂದು ಸೆಟ್ಟಿಂಗ್ ಹುಡುಕಿ: ಸರ್ವರ್ ಆಫ್ ಆದ ಕೆಲವು ನಿಮಿಷಕ್ಕೆ ಯುಪಿಎಸ್ ತನ್ನ ಔಟ್‌ಪುಟ್ಟನ್ನೇ ಕಡಿಯಬೇಕು, ಮೇನ್ಸ್ ಬಂದ ಮೇಲೆ ಮತ್ತೆ ಕೊಡಬೇಕು. ತೀರಾ ಅಗ್ಗದ ಯುಪಿಎಸ್‌ಗಳಲ್ಲಿ ಇದು ಇರುವುದಿಲ್ಲ.

ಪರೀಕ್ಷೆ ಮಾಡಿಯೇ ನಂಬಿ. ಎಲ್ಲರೂ ಮನೆಗೆ ಹೋದ ಮೇಲೆ ಯುಪಿಎಸ್ ಪ್ಲಗ್ ಗೋಡೆಯಿಂದ ಕಿತ್ತು, ಸರ್ವರ್ ಆಫ್ ಆದ ಕೂಡಲೇ ವಾಪಸ್ ಹಾಕಿ ನೋಡಿ. ನಮ್ಮ ಕಡೆ ಗುರುವಾರ ಲೈನ್ ಕೆಲಸ ಅಂತ ಕರೆಂಟ್ ತೆಗೆಯುತ್ತಾರೆ, ಪರೀಕ್ಷೆ ತಾನಾಗೇ ಆಗುತ್ತದೆ!

ಐರೋಲಿಯಿಂದ:
ಮೇಲಿನವರು ಹೇಳಿದ್ದು ಸರಿ. ಆದರೆ ದೂರದಿಂದ ಆನ್ ಮಾಡುವ ದಾರಿಯೂ ಒಂದು ಇರಲಿ. ನಿಮ್ಮದು ನಿಜವಾದ ಸರ್ವರ್ ಆಗಿದ್ದರೆ ಹಿಂದುಗಡೆ ಇನ್ನೊಂದು ನೆಟ್‌ವರ್ಕ್ ಪೋರ್ಟ್ ಇದೆಯಾ ನೋಡಿ. ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಯಲ್ಲಿ ಐಎಲ್‌ಒ ಅನ್ನುತ್ತಾರೆ. ಅದು ಬೋರ್ಡಿನ ಮೇಲಿರುವ ಬೇರೆಯದೇ ಪುಟ್ಟ ಕಂಪ್ಯೂಟರ್. ಸರ್ವರ್ ಆಫ್ ಇದ್ದರೂ ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಎಚ್ಚರವಾಗಿರುತ್ತದೆ. ಬ್ರೌಸರ್‌ನಲ್ಲಿ ಲಾಗಿನ್ ಆಗಿ ಪವರ್ ಆನ್ ಒತ್ತಿದರೆ ಆಯಿತು. ಇಷ್ಟಕ್ಕೆ ಜಾಸ್ತಿ ಲೈಸೆನ್ಸ್ ಬೇಡ. ಸರ್ವರಿನ ಸ್ಕ್ರೀನನ್ನೂ ಪೂರ್ತಿ ನೋಡಬೇಕು ಅಂದರೆ ಸಾಮಾನ್ಯವಾಗಿ ದುಡ್ಡು ಕೊಡಬೇಕು.

ಅದರಲ್ಲಿ 'ಗ್ರೇಸ್‌ಫುಲ್ ಶಟ್‌ಡೌನ್' ಅಂದರೆ ವಿಂಡೋಸ್‌ಗೆ ಹೇಳಿ ಆಫ್ ಮಾಡಿಸುವುದು. 'ರೀಸೆಟ್', 'ಪವರ್ ಸೈಕಲ್' ಎರಡೂ ವಿಂಡೋಸನ್ನು ಕೇಳುವುದಿಲ್ಲ. ಪೂರ್ತಿ ಹ್ಯಾಂಗ್ ಆದಾಗ ಮಾತ್ರ ಅವು.

ಈ ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ಮಾತ್ರ ಬಿಡಬೇಡಿ. ಇದರ ಹಿಂದಿರುವ ಐಪಿಎಂಐ 2.0 (ದೂರದಿಂದ ಸರ್ವರ್ ನಿಭಾಯಿಸುವ ನಿಯಮಾವಳಿ) ವಿನ್ಯಾಸದಲ್ಲೇ ಒಂದು ದೋಷ ಇದೆ. ಲಾಗಿನ್ ಆಗುವ ಮೊದಲೇ ಪಾಸ್‌ವರ್ಡಿನ ಹ್ಯಾಶ್ (ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಗುಪ್ತ ರೂಪ) ಹೊರಗಿನವರ ಕೈಗೆ ಸಿಗಬಹುದು. ವಿಪಿಎನ್ (ಆಫೀಸ್ ನೆಟ್‌ವರ್ಕಿಗೆ ಹೊರಗಿನಿಂದ ಹೋಗುವ ಸುರಕ್ಷಿತ ದಾರಿ) ಹಾಕಿ, ಅದರೊಳಗಿಂದ ಹೋಗಿ. ಡೀಫಾಲ್ಟ್ ಪಾಸ್‌ವರ್ಡ್ ಮೊದಲು ಬದಲಿಸಿ.

ಮಾಟುಂಗಾದಿಂದ:
ನಮ್ಮದು ಹೋಟೆಲ್. ಬಿಲ್ಲಿಂಗ್‌ಗೆ ಸಾದಾ ಪಿಸಿಯೇ ಸರ್ವರ್. ವೇಕ್ ಆನ್ ಲ್ಯಾನ್ ಬಳಸುತ್ತೇವೆ. ಕೌಂಟರಿನ ಇನ್ನೊಂದು ಕಂಪ್ಯೂಟರ್‌ನಿಂದ ಒಂದು ಪ್ಯಾಕೆಟ್ ಕಳಿಸಿದರೆ ಎದ್ದುಬಿಡುತ್ತದೆ. ಆ ಪ್ಯಾಕೆಟ್‌ನಲ್ಲಿ ಸರ್ವರಿನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) 16 ಸಲ ಬರೆದಿರುತ್ತದೆ, ಅಷ್ಟೇ ಮ್ಯಾಜಿಕ್. ಖರ್ಚಿಲ್ಲ. ಆದರೆ ಅದೇ ನೆಟ್‌ವರ್ಕ್‌ನೊಳಗಿಂದ ಕಳಿಸಬೇಕು, ಮನೆಯಿಂದ ಕಳಿಸಿದರೆ ಸುಮ್ನೆ ರೌಟರಿನಲ್ಲೇ ನಿಲ್ಲುತ್ತದೆ. ಕರೆಂಟ್ ಪೂರ್ತಿ ಹೋಗಿ ಬಂದರೆ ಕೆಲವು ಮೆಷಿನ್‌ಗಳಲ್ಲಿ ಕೆಲಸ ಮಾಡುವುದೂ ಇಲ್ಲ. ಹಾಗಾಗಿ ಅಕ್ಕಾ, ನಿಮ್ಮ ಕೇಸಿಗೆ ಇದೊಂದನ್ನೇ ನಂಬುವುದು ಬೇಡ.

ಡೊಂಬಿವಲಿಯಿಂದ:
ಥ್ಯಾಂಕ್ಸ್. ಪೋರ್ಟ್ ಇದೆ, ವೈರೇ ಹಾಕಿಲ್ಲ! ನಮ್ಮ ಹುಡುಗನೊಬ್ಬ ಸ್ಮಾರ್ಟ್ ಪ್ಲಗ್ ಹಾಕೋಣ, ಮೊಬೈಲ್‌ನಿಂದ ಆನ್ ಆಫ್ ಮಾಡಬಹುದು ಅನ್ನುತ್ತಾನೆ. ಹಾಕಬಹುದಾ?

ಠಾಣೆಯಿಂದ:
ಸರ್ವರಿಗೆ ಬೇಡ. ಓಡುತ್ತಿರುವ ಸರ್ವರಿನ ಪ್ಲಗ್ ಆಫ್ ಮಾಡುವುದು ಅಂದರೆ ಅನ್ನ ಬೇಯುವಾಗ ಕುಕ್ಕರ್ ಮುಚ್ಚಳ ಕಿತ್ತ ಹಾಗೆ. ಟ್ಯಾಲಿ ಡೇಟಾ ಬರೆಯುತ್ತಿರುವಾಗ ಹೀಗಾದರೆ ಕಂಪನಿ ಫೈಲೇ ಕೆಡಬಹುದು. ಎದುರಿಗೇ ಇದ್ದಾಗಲೂ ಅಷ್ಟೇ. ಪವರ್ ಬಟನ್ ಒಮ್ಮೆ ಒತ್ತಿ ಬಿಟ್ಟರೆ ಸಾಮಾನ್ಯವಾಗಿ ವಿಂಡೋಸ್ ಸರಿಯಾಗಿ ಮುಚ್ಚಿಕೊಳ್ಳುತ್ತದೆ. 4 ಸೆಕೆಂಡ್‌ಗಿಂತ ಜಾಸ್ತಿ ಒತ್ತಿ ಹಿಡಿದರೆ ಕುತ್ತಿಗೆ ಹಿಚುಕಿದಂತೆಯೇ.

ಮತ್ತೆ, ಎಲ್ಲವೂ ಒಟ್ಟಿಗೇ ಏಳಬಾರದು. 2020ರ ಅಕ್ಟೋಬರ್ 12ರಂದು ಗ್ರಿಡ್ ಕೈಕೊಟ್ಟು ಮುಂಬೈಯ ಬಹುಭಾಗ ಕತ್ತಲಾಗಿತ್ತಲ್ಲ, ಅವತ್ತು ಕರೆಂಟ್ ಬಂದಾಗ ನಮ್ಮಲ್ಲಿ ಡೇಟಾಬೇಸಿಗಿಂತ ಮೊದಲೇ ಅಪ್ಲಿಕೇಶನ್ ಸರ್ವರ್ ಎದ್ದು ಎರರ್ ಕೊಡುತ್ತಾ ಕೂತಿತ್ತು. ಮೊದಲು ರೌಟರ್, ಸ್ವಿಚ್. ಆಮೇಲೆ ಸ್ಟೋರೇಜ್. ಆಮೇಲೆ ಡೇಟಾಬೇಸ್. ಉಳಿದದ್ದು ಕೊನೆಗೆ. ಬಯಾಸ್‌ನಲ್ಲಿ 'ಪವರ್ ರಿಕವರಿ ಡಿಲೇ' (ಕರೆಂಟ್ ಬಂದ ಮೇಲೆ ಸ್ವಲ್ಪ ಕಾದು ಏಳುವುದು) ಇದ್ದರೆ ಬಳಸಿ. ನಿಮ್ಮದು ಒಂದೇ ಸರ್ವರ್, ಆದರೂ ರೌಟರ್ ಏಳುವಷ್ಟು ಸಮಯ ಕೊಡಿ.

ಗೋವಾ, ವಾಸ್ಕೊದಿಂದ:
ರೀಸ್ಟಾರ್ಟ್ ಬಗ್ಗೆ ಒಂದು ಮಾತು. ದೂರದಿಂದ ಐಪಿ (ನೆಟ್‌ವರ್ಕ್ ವಿಳಾಸ), ಫೈರ್‌ವಾಲ್ ಏನಾದರೂ ಬದಲಿಸುವಾಗ ನಮ್ಮ ಲಿನಕ್ಸ್ ಸರ್ವರಿನಲ್ಲಿ 10 ನಿಮಿಷದ ನಂತರದ ರೀಸ್ಟಾರ್ಟ್ ಮೊದಲೇ ಹಾಕಿ ಇಡುತ್ತೇವೆ. ಬದಲಾವಣೆಯನ್ನು ಸೇವ್ ಮಾಡುವುದಿಲ್ಲ. ಕನೆಕ್ಷನ್ ಕಡಿದುಹೋದರೆ ಸರ್ವರ್ ತಾನೇ ರೀಸ್ಟಾರ್ಟ್ ಆಗಿ ಹಳೆಯ ಸೆಟ್ಟಿಂಗಿಗೆ ಬರುತ್ತದೆ. ಸರಿಹೋದರೆ ಆ ರೀಸ್ಟಾರ್ಟನ್ನು ರದ್ದು ಮಾಡಿ ಸೇವ್ ಮಾಡುತ್ತೇವೆ.

ವಿಂಡೋಸ್‌ನಲ್ಲಿ ಐಪಿ ಬದಲಿಸಿದ ಕೂಡಲೇ ಸೇವ್ ಆಗಿಬಿಡುತ್ತದೆ, ಈ ಉಪಾಯ ಅಲ್ಲಿ ನಡೆಯುವುದಿಲ್ಲ. ಆದರೆ ಶಟ್‌ಡೌನ್ ಕಮಾಂಡ್ ನಿಮಗೂ ಉಪಯೋಗ. ಸ್ಲ್ಯಾಶ್ ಆರ್ ಅಂದರೆ ರೀಸ್ಟಾರ್ಟ್, ಸ್ಲ್ಯಾಶ್ ಎಸ್ ಅಂದರೆ ಆಫ್. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೂತು ಆರ್ ಬದಲು ಎಸ್ ಒತ್ತಿದರೆ ಮತ್ತೆ ಅಂಧೇರಿ ಲೋಕಲ್ಲೇ ಗತಿ. ಸಮಯ ಕೊಡದಿದ್ದರೆ 30 ಸೆಕೆಂಡ್ ಕಾಯುತ್ತದೆ, ಅಷ್ಟರೊಳಗೆ ಸ್ಲ್ಯಾಶ್ ಎ ಹೊಡೆದರೆ ನಿಲ್ಲುತ್ತದೆ.