ಲಸಿಕೆ ಹಾಕಿದ್ರೂ ಕೋಳಿಗೆ ರಾಣಿಖೇತ್ ಕಾಯಿಲೆ ಬಂತು, ಜೀನ್ ಪರೀಕ್ಷೆ ಮಾಡಿಸಬೇಕಾ?

ಪ್ರಶ್ನೆ (ಸಾಸವಡದಿಂದ): ಡಾಕ್ಟ್ರೇ, ನಮಸ್ಕಾರ. ಊರು ಅಥಣಿ ಕಡೆ. ಈಗ ಪುಣೆ ಕಡೆಯ ಸಾಸವಡದ ಹತ್ತಿರ ಎರಡು ಶೆಡ್ ಹಾಕಿ ಜವಾರಿ ಕೋಳಿ ಸಾಕುತ್ತಿದ್ದೇನೆ. ಒಂದು ಶೆಡ್ಡಿನಲ್ಲಿ ಮೂರು ತಿಂಗಳ ಕೋಳಿಗಳು ಹಸಿರು ಹಿಕ್ಕೆ ಹಾಕುತ್ತಿವೆ, ಕುತ್ತಿಗೆ ತಿರುಚಿಕೊಂಡು ಬೀಳುತ್ತಿವೆ, ದಿನಾ ಸಾಯುತ್ತಿವೆ. 7ನೇ ದಿನ ರಾಣಿಖೇತ್‌ನ ಲಸೋಟಾ ಲಸಿಕೆ ಕಣ್ಣಿಗೆ ಹಾಕಿದ್ದೆ, 28ನೇ ದಿನ ನೀರಲ್ಲಿ ಕೊಟ್ಟಿದ್ದೆ. ಸಾಯೋಕೆ ಶುರುವಾದ ಮೇಲೆ ಇನ್ನೊಮ್ಮೆ ನೀರಲ್ಲಿ ಕೊಟ್ಟೆ. ಆಮೇಲೆ ಪಿಸಿಆರ್ (ವೈರಸ್‌ನ ಜೀನ್ ಇದೆಯಾ ಅಂತ ನೋಡೋ ಪರೀಕ್ಷೆ) ಮಾಡಿಸಿದರೆ ರಾಣಿಖೇತ್ ಪಾಸಿಟಿವ್ ಬಂತು. ಔಷಧಿ ಅಂಗಡಿಯವರು "ಇದು ಹೊಸ ವೈರಸ್, ಹಳೇ ಲಸಿಕೆ ನಡೆಯಲ್ಲ" ಅಂತಾರೆ. ಲ್ಯಾಬಿನವರು ಸೀಕ್ವೆನ್ಸಿಂಗ್, ಅಂದರೆ ವೈರಸ್‌ನ ಜೀನ್ ಓದೋ ಪರೀಕ್ಷೆ, ಮಾಡಿಸಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಅಣ್ಣಾ, ಮೊದಲು ತಾಲ್ಲೂಕಿನ ಸರ್ಕಾರಿ ಪಶುವೈದ್ಯರಿಗೆ ಫೋನ್ ಮಾಡಿ. ಇವತ್ತೇ ಮಾಡಿ. ಕುತ್ತಿಗೆ ತಿರುಚೋದು, ಒಮ್ಮೆಲೇ ಸಾಯೋದು ಹಕ್ಕಿಜ್ವರದಲ್ಲೂ ಇರುತ್ತದೆ, ಕಣ್ಣಳತೆಯಲ್ಲಿ ಎರಡನ್ನೂ ಬೇರೆ ಮಾಡೋಕೆ ಆಗಲ್ಲ. 2006ರಲ್ಲಿ ದೇಶದಲ್ಲೇ ಮೊದಲು ಹಕ್ಕಿಜ್ವರ ಸಿಕ್ಕಿದ್ದು ನಮ್ಮ ಮಹಾರಾಷ್ಟ್ರದ ನವಾಪುರದಲ್ಲಿ. ಸತ್ತ ಕೋಳಿ ಕೊಯ್ದು ನೋಡಬೇಡಿ. ಪಶುವೈದ್ಯರೇ ಬಂದು ಮಾದರಿ ತೆಗೆದು ಪುಣೆಯ ಔಂಧ್‌ನ ಪಶುರೋಗ ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಇನ್ನು ನಿಮ್ಮ ಪಿಸಿಆರ್. ಲಸೋಟಾ ಅಂದರೆ ಜೀವಂತ ವೈರಸ್. ಅದನ್ನು ಕುಡಿಸಿದ ಮೇಲೆ ಮಾದರಿ ತೆಗೆದರೆ ಆ ಲಸಿಕೆಯೇ ಪಾಸಿಟಿವ್ ತೋರಿಸಬಹುದು. ಅದಕ್ಕೇ ಲ್ಯಾಬಿನವರು ಸೀಕ್ವೆನ್ಸಿಂಗ್ ಕೇಳುತ್ತಿರೋದು. ಅವರ ಮಾತು ಸರಿ.

ಅದರಲ್ಲಿ ಏನು ನೋಡುತ್ತಾರೆ ಅಂದರೆ, ಈ ವೈರಸ್‌ನ ಎಫ್ ಜೀನ್. ಆ ಜೀನ್ ತಯಾರಿಸೋ ಪ್ರೋಟೀನನ್ನು ಕೋಳಿಯ ದೇಹದ ಕಿಣ್ವ ಒಂದು ಜಾಗದಲ್ಲಿ ಕತ್ತರಿಸಿದರೆ ಮಾತ್ರ ವೈರಸ್ ಜೀವಕೋಶದ ಒಳಗೆ ಹೋಗುತ್ತದೆ. ಲಸೋಟಾದಲ್ಲಿ ಆ ಜಾಗದ ಅಮೈನೋ ಆಮ್ಲಗಳು (ಪ್ರೋಟೀನಿನ ಕೊಂಡಿಗಳು) ಸಾಲಾಗಿ ಗ್ಲೈಸಿನ್, ಆರ್ಜಿನಿನ್, ಗ್ಲುಟಮಿನ್, ಗ್ಲೈಸಿನ್, ಆರ್ಜಿನಿನ್, ಲ್ಯೂಸಿನ್ ಅಂತ ಇರುತ್ತದೆ. ಇದನ್ನು ಕತ್ತರಿಸೋ ಕಿಣ್ವ ಶ್ವಾಸನಾಳ, ಕರುಳಿನಂಥ ಕಡೆ ಮಾತ್ರ ಸಿಗೋದರಿಂದ ಅದು ಅಲ್ಲೇ ಉಳಿಯುತ್ತದೆ. ಉಗ್ರ ತಳಿಯಲ್ಲಿ ಅದೇ ಜಾಗದಲ್ಲಿ ಆರ್ಜಿನಿನ್, ಲೈಸಿನ್ ಜಾಸ್ತಿ, ಕೊನೆಗೆ ಫಿನೈಲ್ಅಲನಿನ್. ಇದನ್ನು ಕತ್ತರಿಸೋ ಕಿಣ್ವ ಮೈಯೆಲ್ಲಾ ಇದೆ, ಹಾಗಾಗಿ ವೈರಸ್ ಮಿದುಳಿಗೂ ಹೋಗುತ್ತದೆ. ಕುತ್ತಿಗೆ ತಿರುಚೋದು ಅದರಿಂದಲೇ.

ಆದರೆ ಅಂಗಡಿಯವರ ಮಾತು ಪೂರ್ತಿ ಒಪ್ಪಬೇಡಿ. ಲಸೋಟಾ 1946ರಲ್ಲಿ ಅಮೆರಿಕದಲ್ಲಿ ಸಿಕ್ಕಿದ ತಳಿ, ಎರಡನೇ ಜೀನೋಟೈಪ್ (ಜೀನ್ ನೋಡಿ ಮಾಡಿದ ಗುಂಪು). ನಮ್ಮ ದೇಶದಲ್ಲಿ ಈಗ ಓಡಾಡುತ್ತಿರೋದರಲ್ಲಿ 13ನೇ ಜೀನೋಟೈಪ್ ಮುಖ್ಯವಾದದ್ದು. ಜೀನ್ ಬೇರೆ, ನಿಜ. ಆದರೆ ರಾಣಿಖೇತ್ ವೈರಸ್ಸುಗಳೆಲ್ಲಾ ಒಂದೇ ಸೀರೋಟೈಪ್, ಅಂದರೆ ಒಂದರ ಲಸಿಕೆಯಿಂದ ಬಂದ ರಕ್ಷಣೆ ಉಳಿದವಕ್ಕೂ ನಡೆಯುತ್ತದೆ. ಲಸಿಕೆ ಸರಿಯಾಗಿ ಹತ್ತಿದ ಕೋಳಿ ಸಾಯೋದು ಕಡಿಮೆ. ಕೊರತೆ ಇರೋದು ಬೇರೆ ಕಡೆ: ಆ ಕೋಳಿಗೂ ಸೋಂಕು ತಗುಲಬಹುದು, ಹಿಕ್ಕೆಯಲ್ಲಿ ವೈರಸ್ ಹೊರಗೆ ಹಾಕಬಹುದು. ಇಷ್ಟೊಂದು ಸಾಯುತ್ತಿವೆ ಅಂದರೆ ನನಗೆ ಮೊದಲು ಅನುಮಾನ ಬರೋದು ಲಸಿಕೆ ಕೊಟ್ಟ ರೀತಿ ಮೇಲೆ. ಯಾವ ನೀರಲ್ಲಿ ಕೊಟ್ಟಿರಿ? 8–10ನೇ ವಾರದಲ್ಲಿ ಆರ್‌2ಬಿ ಅನ್ನೋ ರಾಣಿಖೇತ್ ಲಸಿಕೆ ಹಾಕಿಸಿದಿರಾ?

ಪ್ರಶ್ನೆ (ಅವರೇ): ಟ್ಯಾಂಕರ್ ನೀರು ಡಾಕ್ಟ್ರೇ. ಬ್ಲೀಚಿಂಗ್ ಪೌಡರ್ ವಾಸನೆ ಇರುತ್ತದೆ. ಆರ್‌2ಬಿ ಹಾಕಿಸಿಲ್ಲ. ಈಗ ಹಾಕಿಸಿದರೆ ಉಳೀತಾವಾ?

ಉತ್ತರ: ಬೇಡ, ಕಾಯಿಲೆ ಬಿದ್ದ ಶೆಡ್ಡಿಗೆ ಈಗ ಆರ್‌2ಬಿ ಬೇಡವೇ ಬೇಡ. ಅದು ಸ್ವಲ್ಪ ಗಟ್ಟಿ ಲಸಿಕೆ, ಸೋಂಕಿರೋ ಕೋಳಿ ಇನ್ನಷ್ಟು ಸಾಯುತ್ತವೆ. ಇನ್ನೊಂದು ತೊಂದರೆ ಇದೆ. ಆರ್‌2ಬಿ ಕತ್ತರಿಸೋ ಜಾಗದಲ್ಲಿ ಉಗ್ರ ತಳಿಯ ಗುರುತೇ ಇರುತ್ತದೆ. ಈಗ ಹಾಕಿಬಿಟ್ಟರೆ ಆ ತುಣುಕು ನೋಡಿ ಅದು ಲಸಿಕೆಯೋ ಕಾಯಿಲೆ ವೈರಸ್ಸೋ ಅಂತ ಯಾರೂ ಹೇಳೋಕಾಗಲ್ಲ, ಪೂರ್ತಿ ಎಫ್ ಜೀನ್ ಓದಿಸಬೇಕಾಗುತ್ತದೆ.

ಬ್ಲೀಚಿಂಗ್ ನೀರು ಲಸಿಕೆಯನ್ನು ಕೊಂದುಬಿಡುತ್ತದೆ. ಮುಂದಿನ ಬ್ಯಾಚಿಗೆ ಬಾವಿ ನೀರು ತನ್ನಿ. ಲೀಟರಿಗೆ ಎರಡೂವರೆ ಗ್ರಾಂನಷ್ಟು ಕೆನೆ ತೆಗೆದ ಹಾಲಿನ ಪುಡಿ ಕಲಸಿ, ಆಮೇಲೆ ಲಸಿಕೆ ಹಾಕಿ. ಬೆಳಿಗ್ಗೆ ತಂಪಿನಲ್ಲಿ, ಒಂದೆರಡು ಗಂಟೆ ಬಾಯಾರಿಸಿ ಕೊಡಿ. ಎರಡು ಗಂಟೆಯೊಳಗೆ ಖಾಲಿ ಆಗಬೇಕು. ಸಣ್ಣ ಮಂದೆಯಾದರೆ ಕಣ್ಣಿಗೆ ಹನಿ ಹಾಕೋದೇ ಉತ್ತಮ, ಒಂದು ಕೋಳಿಯೂ ಬಿಟ್ಟುಹೋಗಲ್ಲ. ನಿಮ್ಮ ಕಣ್ಣಿಗೆ ಮಾತ್ರ ಸಿಡಿಯದಂತೆ ನೋಡಿಕೊಳ್ಳಿ, ಕಣ್ಣು ಕೆಂಪಾಗುತ್ತದೆ.

ಹಕ್ಕಿಜ್ವರ ಅಲ್ಲ ಅಂತ ಗೊತ್ತಾದ ಮೇಲೆ, ಎರಡನೇ ಶೆಡ್ಡಿನ ಗಟ್ಟಿಮುಟ್ಟಾದ ಕೋಳಿಗೆ ಲಸೋಟಾ ಕಣ್ಣಿಗೆ ಹಾಕಬಹುದು. ಆ ಶೆಡ್ಡಿನ ಮಾದರಿ ಬೇಕಿದ್ದರೆ ಅದಕ್ಕೆ ಮುಂಚೆಯೇ ತೆಗೆಸಿ. ಈಗಷ್ಟೇ ಮಂಕಾಗಿರೋ ಕೋಳಿಯ ಗಂಟಲು, ಗುದದ ಸ್ವಾಬ್ ಬೇಕು. ನಿನ್ನೆ ಸತ್ತದ್ದು ಪ್ರಯೋಜನ ಇಲ್ಲ. ಐಸ್ ಡಬ್ಬಿಯಲ್ಲಿ ಕಳಿಸಿ.

ಪ್ರಶ್ನೆ (ಚಾಕಣದಿಂದ): ನಮ್ಮ ಲೇಯರ್ ಕೋಳಿಗಳ ಮೊಟ್ಟೆ ಸುಕ್ಕು ಸುಕ್ಕಾಗಿವೆ, ಒಡೆದರೆ ಬಿಳಿ ಭಾಗ ನೀರಿನ ಹಾಗಿದೆ. ಎಚ್120 ಲಸಿಕೆ ಹಾಕಿದ್ದೀವಿ. ಅದಕ್ಕೂ ನೀರೇ ಕಾರಣನಾ ಸರ್?

ಉತ್ತರ: ಇದು ಬೇರೆ ಕಥೆ. ನೀವು ಹೇಳೋ ಲಕ್ಷಣ ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್ ಕಡೆ ಬೆರಳು ತೋರಿಸುತ್ತದೆ. ಅದು ಕೋಳಿಗಳ ಕೊರೊನಾ ವೈರಸ್. ಇಲ್ಲಿ ಸೀರೋಟೈಪ್ ಹಲವು, ಒಂದರ ಲಸಿಕೆ ಇನ್ನೊಂದಕ್ಕೆ ಸರಿಯಾಗಿ ಕೆಲಸ ಮಾಡಲ್ಲ. ಎಚ್120 ಮ್ಯಾಸಚೂಸೆಟ್ಸ್ ಗುಂಪಿನದು. ಈ ವೈರಸ್‌ನ ಎಸ್1 ಜೀನ್ ಓದಿಸಿ, ಗುಂಪು ಅದರಲ್ಲಿ ಗೊತ್ತಾಗುತ್ತದೆ. ನಿಮ್ಮಲ್ಲಿ ಇರೋದು ಬೇರೆ ಗುಂಪು ಅಂತ ಬಂದರೆ, ಎಚ್120 ಜೊತೆಗೆ 4/91 ಲಸಿಕೆಯನ್ನೂ ಸೇರಿಸೋ ಬಗ್ಗೆ ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಎರಡೂ ಸೇರಿದರೆ ರಕ್ಷಣೆ ಅಗಲವಾಗುತ್ತದೆ. ಜೀನ್ ಪರೀಕ್ಷೆಗೆ ಹಾಕೋ ದುಡ್ಡು ಲಸಿಕೆ ಆರಿಸೋಕೇ ನೇರ ಉಪಯೋಗಕ್ಕೆ ಬರೋದು ಇಂಥ ಕಡೆ.

ಪ್ರಶ್ನೆ (ಕೋಥರೂಡದಿಂದ): ಸರ್, ನಾವು ಸಾಸವಡದ ಕಡೆಯಿಂದ ಜವಾರಿ ಮೊಟ್ಟೆ ತರಿಸುತ್ತೇವೆ. ಮಕ್ಕಳಿಗೆ ಕೊಡಬಹುದಾ?

ಉತ್ತರ: ಆರೋಗ್ಯವಾಗಿರೋ ಕೋಳಿಯ ಮೊಟ್ಟೆಯಾದರೆ ಚೆನ್ನಾಗಿ ಬೇಯಿಸಿ ಕೊಡಿ ಅಕ್ಕಾ. ರಾಣಿಖೇತ್ ಆಹಾರದಿಂದ ಮನುಷ್ಯರಿಗೆ ಬರೋ ಕಾಯಿಲೆ ಅಲ್ಲ. ಆದರೂ ಸಾಯುತ್ತಿರೋ ಶೆಡ್ಡಿನ ಮೊಟ್ಟೆ ಮಾರಾಟಕ್ಕೆ ಬರಬಾರದು. ಸಾಸವಡದ ಅಣ್ಣಾ, ನಿಮಗೂ ಇದೇ ಮಾತು: ವರದಿ ಬರೋವರೆಗೆ ಆ ಶೆಡ್ಡಿನಿಂದ ಕೋಳಿ, ಮೊಟ್ಟೆ, ಗೊಬ್ಬರ ಯಾವುದೂ ಆಚೆ ಹೋಗಬಾರದು. ರಟ್ಟಿನ ಮೊಟ್ಟೆ ಟ್ರೇ ವಾಪಸ್ ತಗೋಬೇಡಿ, ಸುಟ್ಟುಬಿಡಿ. ಕೆಲಸದವರು ಮೊದಲು ಎರಡನೇ ಶೆಡ್ ಮುಗಿಸಿ ಆಮೇಲೆ ಕಾಯಿಲೆ ಶೆಡ್ಡಿಗೆ ಹೋಗಲಿ, ಚಪ್ಪಲಿ ಬೇರೆ ಬೇರೆ ಇರಲಿ. ವರದಿ ಬಂದ ಕೂಡಲೇ ಇಲ್ಲೇ ಹಾಕಿ, ಸಾಲು ಸಾಲು ಓದಿ ಹೇಳುತ್ತೇನೆ.